ಇಳಿಯಲೊಲ್ಲದ ಕೈ

ಎರಡನೇ ಮಹಾಯುದ್ಧದ ಕಾಲ. ಮುಂಬೈಯ ಮೈದಾನದಲ್ಲಿ ಅಮೆರಿಕದ ಸೋಲ್ಜರುಗಳು ಬೇಸ್‌ಬಾಲ್ ಆಡುವುದನ್ನು ಅರ್ಧ ಗಂಟೆ ನೋಡಿದ್ದೇ ತಡ, ಕುಷ್ಟಗಿಯ ಸರಕಾರಿ ಸಾಲೆಯ ಉಮಾಪತಿ ಮಾಸ್ತರರು ನಿರ್ಧರಿಸಿಬಿಟ್ಟರು: ನಿಜಾಮರ ಸೀಮೆಯಲ್ಲಿ ಈ ಆಟದ ಆದಿಗುರು ತಾವೇ ಆಗಬೇಕು.

ಊರಿಗೆ ಮರಳಿದ ಮರುದಿನವೇ ಎಂಟು ಹುಡುಗರು ಅವರ ಮನೆಯ ಹಿತ್ತಲಲ್ಲಿ ಸಾಲಾಗಿ ನಿಂತರು. ಚಿಂದಿ ಸುತ್ತಿ ಮೇಲೆ ತೊಗಲು ಹೊಲಿಸಿದ ಚೆಂಡು ಮಾಸ್ತರರ ಬಲಗೈಯಲ್ಲಿತ್ತು.

"ಚೆಂಡು ಒಗಿಯೂದು ಅಂದ್ರ ಬರೇ ಕೈ ಕೆಲಸ ಅಲ್ಲ. ಎಡಗಾಲು ಎತ್ತಬೇಕು, ಸೊಂಟ ತಿರುವಬೇಕು, ಕೈ ಕಿವಿ ಹಿಂದ ಒಯ್ಯಬೇಕು. ನಾ ಹೆಂಗ ಮಾಡ್ತೀನಿ, ಹಂಗ ಮಾಡ್ರಿ. ಕೂದಲಷ್ಟೂ ಫರಕ್ ಆಗಬಾರದು."

ಹೆಂಡತಿ ಪಂಪಾವತಿ ಅಡುಗೆಮನೆಯಿಂದಲೇ ಕೇಳಿದಳು. "ನಿಮಗ ನಲವತ್ತೈದಾತು. ಬಾಯಿಲೆ ಹೇಳಿದ್ರ ಸಾಲಂಗಿಲ್ಲೇನ್ರಿ?"

"ಮಾಡಿ ತೋರಸದವ ಎಂಥಾ ಗುರು?"

ಗುರುಗಳು ಕಾಲೆತ್ತಿದರು, ಸೊಂಟ ತಿರುವಿದರು, ತೋಳನ್ನು ರಭಸದಿಂದ ಬೀಸಿದರು. ಹೆಗಲು ಲಟಕ್ ಎಂದಿತು. ಚೆಂಡು ಅವರ ಕಾಲ ಬುಡದಲ್ಲೇ ಬಿತ್ತು. ಕೈ ಮಾತ್ರ ಆಕಾಶಕ್ಕೆ ನೆಟ್ಟಗೆ ನಿಂತುಬಿಟ್ಟಿತು. ಬಾಯಿ ತೆರೆದೇ ಉಳಿಯಿತು.

ಹುಡುಗರು ಎಷ್ಟಾದರೂ ವಿಧೇಯರು. ಎಂಟೂ ಜನ ಕೈ ಮೇಲೆತ್ತಿ, ಬಾಯಿ ತೆರೆದು ನಿಂತರು.

ಹೊರಗೆ ಬಂದ ಪಂಪಾವತಿ ಒಂಬತ್ತು ಕೈಗಳನ್ನು ಕಂಡು ಹೌಹಾರಿದಳು. "ಏನ್ರಿ ಇದು?"

"ಇಳೀವಲ್ದು," ಎಂದರು ಮಾಸ್ತರರು, ಹೇಗೋ ಉಸಿರು ಹಿಡಿದು.

ಮೂಳೆ ಕೂರಿಸುವ ಹುಸೇನಬೀಯ ಮನೆ ಪೇಟೆಯ ಆಚೆ ತುದಿಗೆ. ಪಂಪಾವತಿ ಗಂಡನ ಎಡಗೈ ಹಿಡಿದು ನಡೆಸಿಕೊಂಡು ಹೊರಟಳು. ಹುಡುಗರೂ ಹಿಂದೆ ಬಂದರು. ಇಳಿಸಿ ಎಂದು ಗುರುಗಳು ಹೇಳಿರಲಿಲ್ಲವಾದ್ದರಿಂದ ಕೈಗಳು ಮೇಲೆಯೇ ಇದ್ದವು. ಪೇಟೆಯ ಜನ ಎದ್ದು ನಿಂತು ನೋಡಿದರು. ಕಿರಾಣಿ ಅಂಗಡಿಯವನು ಯಾತಕ್ಕೂ ಇರಲಿ ಎಂದು ಬಾಗಿಲು ಹಾಕಿಕೊಂಡ.

ಚೌಕದಲ್ಲಿ ಪೊಲೀಸ್ ಜವಾನ ನೂರಸಾಬ ಅಡ್ಡ ಬಂದ. "ಮಾಸ್ತರ, ಮೆರವಣಿಗಿ, ಘೋಷಣಾ ಎಲ್ಲಾ ಬಂದ್ ಅಂತ ಸರಕಾರದ ಹುಕುಮ್ ಆಗೈತಿ. ಕೈ ಇಳಸ್ರಿ."

"ಇಳಿಯಂಗಿಲ್ಲಪಾ."

ನೂರಸಾಬ ದಂಗಾದ. ಇಂಥ ಮಾತು, ಅದೂ ಕಾಗೆ ಓಡಿಸಲೂ ಹೆದರುವ ಈ ಮಾಸ್ತರರ ಬಾಯಲ್ಲಿ. "ಸರಕಾರದ ಪಗಾರ ತಗೊಂಡು ಹಿಂಗ ಅಂತೀರಿ? ನೌಕರಿ ಹೋಗ್ತೈತ್ರಿ."

"ನೌಕರಿ ಹೋದ್ರೂ ಇಳಿಯಂಗಿಲ್ಲ," ಎಂದರು ಮಾಸ್ತರರು, ಅಳು ನುಂಗುತ್ತ.

ಗುಂಪಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

"ಅವರ ಹೆಗಲು..." ಎಂದು ಪಂಪಾವತಿ ಬಾಯಿ ತೆಗೆಯುವಷ್ಟರಲ್ಲಿ ನೂರಸಾಬ ಎರಡೂ ಕೈಯಿಂದ ಮಾಸ್ತರರ ಮಣಿಕಟ್ಟು ಹಿಡಿದು ಜಗ್ಗಿಬಿಟ್ಟ. ಖಟಕ್ ಎಂಬ ಸದ್ದು ಇಡೀ ಚೌಕಕ್ಕೆ ಕೇಳಿಸಿತು. ಕೈ ಇಳಿಯಿತು.

ನೂರಸಾಬ ಗಾಬರಿಯಿಂದ ಹಿಡಿತ ಬಿಟ್ಟ. "ಯಾ ಅಲ್ಲಾ, ಮುರೀತೇನ್ರಿ?"

ಮಾಸ್ತರರು ಬೆರಳು ಆಡಿಸಿದರು. ಮೊಣಕೈ ಮಡಿಸಿದರು. ನೋವು ಮಾಯವಾಗಿತ್ತು. ಅವರು ಎಲ್ಲರೆದುರಿಗೆ ಬಿಕ್ಕಿ ಅತ್ತು ಜವಾನನಿಗೆ ಕೈಮುಗಿದರು. ಹನ್ನೆರಡು ವರ್ಷದ ನೌಕರಿಯಲ್ಲಿ ಯಾರನ್ನೇ ಜಗ್ಗಿದರೂ ಹೀಗೆ ಕೈಮುಗಿಸಿಕೊಳ್ಳದ ನೂರಸಾಬ, ಹೆದರಿ ಎರಡು ಹೆಜ್ಜೆ ಹಿಂದೆ ಸರಿದ.

ಮಾಸ್ತರರು ಹುಡುಗರ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು, "ಕೈ ಇಳಸ್ರಿ. ನಾಳಿಂದ ಮಗ್ಗಿ ಓದೂಣು."

ಪಂಪಾವತಿ ಮಾತ್ರ ಅಲ್ಲಿಂದ ಕದಲಲಿಲ್ಲ. ಜವಾನನ ಗಟ್ಟಿ ಕೈಗಳನ್ನೇ ನೋಡುತ್ತ ಕೇಳಿದಳು.

"ನೂರಸಾಬ, ನಮ್ಮ ಅತ್ತೀದು ಸೊಂಟ ಹಿಡಕೊಂಡು ಎರಡು ವರ್ಷಾತು. ನಾಳೆ ಕರಕೊಂಡು ಬರ್ತೀನಿ. ಅವರು ಏನಂತ ಘೋಷಣಾ ಕೂಗಬೇಕು, ಹೇಳ್ರಿ."