ಅಕ್ಕನ ನೂರ ಇಪ್ಪತ್ತು ಮೊಮ್ಮಕ್ಕಳು

ನನ್ನ ಅಕ್ಕನಿಗೆ ಮದುವೆಯಾಗಿಲ್ಲ. ಮೊಮ್ಮಕ್ಕಳು ಮಾತ್ರ ನೂರ ಇಪ್ಪತ್ತು! ಹುಬ್ಬೇರಿಸಬೇಡಿ. ಎಲ್ಲವೂ ಅಲಸಂಡೆ ಬಳ್ಳಿಗಳು. ದೇರೆಬೈಲಿನ ನಮ್ಮ ತಾರಸಿಯ ಚಟ್ಟಿಗಳಲ್ಲಿ ವಾಸ. ನೀರು ಹೊತ್ತು ಸೊಂಟ ಹೋದದ್ದು ನನ್ನದು.

ಅಕ್ಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಅಮ್ಮನ ಕಾಲದ ಅಲಸಂಡೆಗೆ ಹಳದಿ ರೋಗ ತಾಗುತ್ತಿರಲಿಲ್ಲ. ಕಾಯಿ ಮಾತ್ರ ಗಿಡ್ಡ, ಬರೀ ನಾರು. ಪೇಟೆಯ ತಳಿಯದ್ದು ಉದ್ದ, ಎಳೆಯ ಕಾಯಿ. ರೋಗ ಬಂದರೆ ವಾರದಲ್ಲಿ ಕತೆ ಮುಗಿಯಿತು. ಅಕ್ಕ ಇವೆರಡಕ್ಕೂ ಮದುವೆ ಮಾಡಿಸಿದಳು. ಹುಟ್ಟಿದ ಮಕ್ಕಳ ಬೀಜದಿಂದ ಬಂದದ್ದೇ ಈ ಮೊಮ್ಮಕ್ಕಳು. ಮೊಮ್ಮಕ್ಕಳ ಎಲೆಯಿಂದ ಡಿಎನ್‌ಎ ತೆಗೆದು, ಅಮ್ಮನ ಬಳ್ಳಿಯ ಗಟ್ಟಿತನ ಅದರಲ್ಲಿ ಎಲ್ಲಿ ಕೂತಿದೆ ಎಂದು ನಕ್ಷೆ ಬರೆಯಬೇಕೆಂಬುದು ಅವಳ ಹಟ. ಊರಿನ ನಕ್ಷೆಯಾದರೂ ಆಗಿದ್ದರೆ ನನಗೆ ಓಡಿಹೋಗಲಿಕ್ಕೆ ದಾರಿ ಸಿಗುತ್ತಿತ್ತು.

ಕೊಯ್ದ ಎಲೆ ಕೂಡಲೇ ಐಸಿಗೆ ಬೀಳಬೇಕು. ನಾನೋ, ದೋಣಿ ತಂಗುವ ಧಕ್ಕೆಯಿಂದ ಮೀನು ತಂದು ಮನೆಮನೆಗೆ ಕೊಡುವವನು. ಐಸಿಗೆ ಏನು ಬರ? ಮೀನಿನಂಥದ್ದೇ ಇನ್ನೊಂದು ಥರ್ಮೋಕೋಲ್ ಪೆಟ್ಟಿಗೆ ಎಲೆಗೂ ಆಯಿತು. ಒಂದು ಬೆಳಿಗ್ಗೆ, ನಿದ್ದೆಗಣ್ಣಿನಲ್ಲಿ, ಅಕ್ಕನ ಲ್ಯಾಬಿಗೆ ಬಂಗುಡೆ ಮೀನನ್ನೂ ಕುಲಶೇಖರದಲ್ಲಿ ದಿನಾ ಮೀನು ಕೊಳ್ಳುವ ಬಾಯಮ್ಮನಿಗೆ ಎಲೆಯನ್ನೂ ಕೊಟ್ಟು ಬಂದೆ.

ಅಕ್ಕನ ಫೋನು ಬಂತು. "ಇಲ್ಲಿ ಬಂಗುಡೆ ಉಂಟು. ನನ್ನ ಎಲೆ ಎಲ್ಲಿ?"

ಬೈದಿದ್ದರೆ ವಾಸಿಯಿತ್ತು. ಸ್ವರ ಸಣ್ಣಗಾಗಿತ್ತು. ತಾರಸಿಯಲ್ಲಿ ರೋಗ ಬಿದ್ದು ಕಾಲು ಭಾಗ ಬಳ್ಳಿ ಸತ್ತಿತ್ತು. ಅವು ಒಣಗುವ ಮೊದಲು ಕೊಯ್ದಿಟ್ಟ ಎಲೆಯೂ ಆ ಪೆಟ್ಟಿಗೆಯಲ್ಲೇ ಇತ್ತು. ಅದು ಹೋದರೆ ಬದುಕಿದ್ದನ್ನು ಸತ್ತದ್ದರ ಜೊತೆ ಹೋಲಿಸುವಂತಿಲ್ಲ, ನಕ್ಷೆಯೂ ಇಲ್ಲ.

ಕುಲಶೇಖರಕ್ಕೆ ಓಡಿದೆ.

"ಎಂತ ಮಾರಾಯ ಇದು? ಒಂದೊಂದು ಸೊಪ್ಪಿಗೂ ನಂಬ್ರ ಉಂಟು. ಯಾರದ್ದೋ ಮದ್ದು ಅಂತ ಫ್ರೀಜರಿನಲ್ಲಿ ಇಟ್ಟೆ. ನನ್ನ ಬಂಗುಡೆ ಎಲ್ಲಿ?"

"ಲ್ಯಾಬಿನಲ್ಲಿ ಉಂಟು ಬಾಯಮ್ಮ."

ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡರು.

ಕಳೆದ ವಾರ ಅಕ್ಕ ಒಂದು ಫೋಟೋ ತೋರಿಸಿದಳು. ಆ ಎಲೆಗಳ ಡಿಎನ್‌ಎಯದ್ದಂತೆ, ಕಪ್ಪಿನ ಮೇಲೆ ಸಾಲು ಸಾಲು ಮಸುಕು ಗೆರೆ.

"ಈ ಗೆರೆ ನೋಡು. ಸತ್ತದ್ದರಲ್ಲಿ ಇಲ್ಲ. ಬದುಕಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಉಂಟು. ಇದು ಅಮ್ಮನ ಬಳ್ಳಿಯದ್ದು."

ಅಷ್ಟು ಹೇಳಿ ಸುಮ್ಮನೆ ಅತ್ತಳು. ನನಗೂ ತಡೆಯಲಾಗಲಿಲ್ಲ. ಅಮ್ಮ ತೀರಿಕೊಂಡ ತಿಂಗಳಲ್ಲಿ ಅಡುಗೆಮನೆ ಗುಡಿಸುವಾಗ, ಅವಳು ಬೂದಿ ಬೆರೆಸಿ ಅಲಸಂಡೆ ಬೀಜ ಇಟ್ಟಿದ್ದ ಬಾಟಲಿಯನ್ನು ಕಸದ ಚೀಲಕ್ಕೆ ಹಾಕಿದವನು ನಾನು. ಕಸದ ಗಾಡಿ ಬರುವ ಮೊದಲು ಅಕ್ಕ ಚೀಲ ಸುರಿದು ಹೆಕ್ಕಿದಳು. ಮೊಳೆತದ್ದು ಎರಡೇ ಬೀಜ. ಆ ಸಂಗತಿಯನ್ನು ಅವಳು ಇವತ್ತಿನವರೆಗೆ ಒಮ್ಮೆಯೂ ನನ್ನೆದುರು ಎತ್ತಿ ಆಡಿಲ್ಲ.