ಡಬ್ಬಿಯ ತಳದಲ್ಲಿ ನಾನು

ಇನ್ನು ಮೇಲೆ ಈ ಭೂಮಂಡಲದಲ್ಲಿ ನನ್ನ ಗುರುತಿಗೆ ನಾನೊಬ್ಬನೇ ಒಡೆಯ ಎಂದು ಹೋದ ಯುಗಾದಿಯ ದಿನ ಘೋಷಿಸಿದೆ. ಹೆಂಡತಿ ಜಯಮಾಲಾ ಬೇವು-ಬೆಲ್ಲದ ತಟ್ಟೆ ಮುಂದೆ ಹಿಡಿದು, “ಮೊದ್ಲ ಇದನ್ನ ತಿನ್ರಿ” ಎಂದಳು.

ಅಂದು ನನ್ನ ಹಳೆಯ ಬರಹವನ್ನೆಲ್ಲ ಸಾಗಿಸಿ ನಾನು ಸೇರಿದ ಜಾಲತಾಣ ಯಾವ ಕಂಪನಿಯದೂ ಅಲ್ಲ. ಅಲ್ಲಿ ಪಾಸ್‌ವರ್ಡ್ ಇಲ್ಲ, ಮರೆತರೆ ಹೋಗಿ ಅಳಲು ಆಫೀಸೂ ಇಲ್ಲ. ಹನ್ನೆರಡು ಇಂಗ್ಲಿಷ್ ಪದ ಕೊಡುತ್ತಾರೆ, ಅವೇ ಕೀಲಿಕೈ. ಅವು ಯಾರ ಬಳಿ ಇವೆಯೋ ಅವನೇ ಭೀಮಾಶಂಕರ, ಅಂದರೆ ನಾನು. ಕಳೆದವೋ, ಮುಗಿಯಿತು! ರಾಮಮೂರ್ತಿ ನಗರದ ಬಾಡಿಗೆಮನೆ ಬದುಕಿನ ಬಗ್ಗೆ ನಾಲ್ಕು ವರ್ಷ ನಾನು ಬರೆದದ್ದನ್ನು ಇನ್ನೂರಹದಿನಾಲ್ಕು ಓದುಗರು ಓದಬಹುದು. ನಾನು ಮಾತ್ರ ನನ್ನ ಹೆಸರಿನಲ್ಲಿ ಮುಂದೆ ಒಂದಕ್ಷರ ಬರೆಯುವಂತಿಲ್ಲ.

ಕಾಗದ ನಂಬಬೇಡ, ಸ್ಟೀಲಿನ ಮೇಲೆ ಕೊರೆಸು ಎಂದು ಬಲ್ಲವರು ಹೇಳಿದ್ದರು. ನಮ್ಮ ಬೀದಿಯ ಸನಾವುಲ್ಲಾ ಅವರಿಗೆ ಶಿವಾಜಿನಗರದಲ್ಲಿ ಪಾತ್ರೆ ಅಂಗಡಿ. ಯಾರೇ ಪಾತ್ರೆ ಕೊಂಡರೂ ಹೆಸರು ಕೊರೆದುಕೊಡುತ್ತಾರೆ. ಒಂದು ಡಬ್ಬಿ ಕೊಂಡು ಚೀಟಿ ಕೊಟ್ಟೆ.

“ಆನಿಯನ್, ಗಾರ್ಲಿಕ್, ಲೆಮನ್... ಸರಿ. ಅಂಕಲ್ ಯಾಕೆ ಸಾರ್ ಡಬ್ಬೀಲಿ?”

“ಅದು ರಹಸ್ಯ. ತಳದಲ್ಲಿ ಕೊರೀರಿ, ಯಾರಿಗೂ ಹೇಳ್ಬೇಡಿ.”

ಅಡುಗೆಮನೆಯ ಅಟ್ಟದಲ್ಲಿ ನಲವತ್ತು ಡಬ್ಬಿಗಳ ನಡುವೆ ಅದನ್ನು ಅಡಗಿಸಿಟ್ಟೆ. ಯಾವ ಕಳ್ಳನ ಅಪ್ಪನಿಗೂ ಸಿಗದು ಎಂದು ಬೀಗಿದೆ.

ಹೋದ ಶನಿವಾರ ನನ್ನ ಫೋನು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಪ್ರಾಣ ಬಿಟ್ಟಿತು. ಹೊಸ ಫೋನು ಹನ್ನೆರಡು ಪದ ಕೇಳಿತು. ಗತ್ತಿನಿಂದ ಸ್ಟೂಲು ಹತ್ತಿ ನೋಡಿದರೆ ಡಬ್ಬಿ ಇಲ್ಲ.

“ಜಯಾ, ಮೂಲ್ಯಾಗಿನ ಡಬ್ಬಿ ಎಲ್ಲಿ?”

“ಅದಾ? ಶೇಂಗಾ ಹೋಳಿಗಿ ಹಾಕಿ ಕೆಳಗ ಮುನಿವೆಂಕಟಮ್ಮಗ ಕೊಟ್ಟೀನಿ.”

“ಅದರ ತಳದಾಗ ನಾ ಇದ್ದೆ!”

“ತಳದಾಗ ಇದ್ದವ್ರನ್ನ ಯಾರು ನೋಡ್ತಾರ್ರಿ?”

ಕೆಳಗೋಡಿದೆ. ಮನೆ ಮಾಲೀಕರಾದ ಮುನಿವೆಂಕಟಮ್ಮ ಸಾವಕಾಶವಾಗಿ ಹೇಳಿದರು. “ಖಾಲಿ ಡಬ್ಬಿ ಹೆಂಗೆ ವಾಪಸ್ ಕೊಡೋದು ಸಾರ್? ನಮ್ಮ ಡಬ್ಬಿಗಳೆಲ್ಲ ಆಚೆ ಹೋಗವೆ, ಅದಕ್ಕೆ ನಿಮ್ದ್ರಲ್ಲೇ ಹಿತಕಿದಬೇಳೆ ಸಾರು ಹಾಕಿ ಆಬಿದಾಗೆ ಕಳಿಸ್ದೆ. ಅಲ್ಲಿಂದ ಬರ್ತದೆ ಬಿಡಿ.”

ಆಬಿದಾ ಎಂದರೆ ಸನಾವುಲ್ಲಾ ಅವರ ಹೆಂಡತಿ. ಅವರ ಮನೆಗೆ ಬೀಗ. ನೆಂಟರ ಮದುವೆಗೆ ಹೋದವರು ಬರುವುದು ನಾಳೆಯಂತೆ. ವಾಪಸು ಬಂದು ನಮ್ಮ ಮೆಟ್ಟಿಲ ಮೇಲೆ ಕೂತೆ.

ಜಯಮಾಲಾ ಪಕ್ಕದಲ್ಲಿ ಬಂದು ಕೂತಳು. ಹನ್ನೆರಡು ಪದಗಳ ಕತೆಯನ್ನೆಲ್ಲ ಹೇಳಿದೆ. “ಯಾರಿಗೂ ತೋರಸಬಾರ್ದು ಅಂತೀರಿ. ಸನಾವುಲ್ಲಾಗ ಹ್ಯಾಂಗ ತೋರಿಸಿದ್ರಿ?”

ಇದನ್ನು ಯಾವ ಬಲ್ಲವರೂ ನನ್ನನ್ನು ಕೇಳಿರಲಿಲ್ಲ.

“ಏಳ್ರಿ, ಊಟಾ ಮಾಡ್ರಿ. ಡಬ್ಬಿ ಎಲ್ಲಿ ಹೋಗ್ತದ?” ಎಂದವಳು ಬೆರಳು ಮಡಿಸತೊಡಗಿದಳು. “ಮುನಿವೆಂಕಟಮ್ಮನವು ಎರಡು ನಮ್ಮನ್ಯಾಗ ಅವ. ಆಬಿದಾನ ಬೋಗುಣಿ ಎದುರುಮನಿ ಯಮುನಾನ ಹತ್ರ. ಯಮುನಾನ ತಾಟು ಹೊಸ ತಿಪ್ಪಸಂದ್ರದಾಗ ಅವರಕ್ಕನ ಮನ್ಯಾಗ ಅದ, ಬರೋ ಐತವಾರ ಬರ್ತದ.”

ನಾನು ಬಾಯಿ ತೆರೆದುಕೊಂಡು ಕೇಳಿಸಿಕೊಂಡೆ. ಚೀಟಿಯಿಲ್ಲ, ಕಂಪನಿಯಿಲ್ಲ, ಕೇಂದ್ರವೆಂಬುದೇ ಇಲ್ಲ. ನಾವು ಈ ಮನೆಗೆ ಬಂದ ಆರು ವರ್ಷದಲ್ಲಿ ಒಂದು ಚಮಚವೂ ಕಳೆದಿಲ್ಲ. ದೊಡ್ಡನೆಕ್ಕುಂದಿಯ ನಮ್ಮ ಸಾಫ್ಟ್‌ವೇರ್ ಆಫೀಸಿನ ಮಹಾಮಹಿಮರು ಬೋರ್ಡಿನ ಮೇಲೆ ಗೆರೆ ಎಳೆದೆಳೆದು ಹುಡುಕುತ್ತಿರುವ ಒಡೆಯನಿಲ್ಲದ ವ್ಯವಸ್ಥೆ ನನ್ನ ಮನೆಯ ಮೆಟ್ಟಿಲ ಮೇಲೆ ಹೋಳಿಗೆ, ಸಾರಿನ ಬಲದಿಂದ ನಡೆಯುತ್ತಿತ್ತು. ಸುಳ್ಳೇಕೆ, ಅವಳಿಗೆ ಕೈಮುಗಿಯಬೇಕು ಅನ್ನಿಸಿತು.

ಭಾನುವಾರ ಸಂಜೆ ಸನಾವುಲ್ಲಾ ಅವರೇ ಡಬ್ಬಿ ಹಿಡಿದು ಬಂದರು. ಕಿತ್ತುಕೊಂಡು ತಲೆಕೆಳಗು ಮಾಡಿದೆ. ಮುಚ್ಚಳ ಕಳಚಿ, ಮದುವೆಮನೆಯ ಫಿರ್ನಿ ಪಾಯಸವೆಲ್ಲ ನನ್ನ ಪಾದಕ್ಕೆ ಅಭಿಷೇಕವಾಯಿತು. ಆದರೇನು, ಆನಿಯನ್‌ನಿಂದ ಅಂಕಲ್‌ವರೆಗೆ ಹನ್ನೆರಡೂ ಪದ ಕ್ಷೇಮ! ಕಣ್ಣಲ್ಲಿ ನೀರು ಬಂತು. ಆಗ ಅವುಗಳ ಕೆಳಗೆ ಹೊಸದಾಗಿ ಕೊರೆದ ದಪ್ಪ ಕನ್ನಡ ಅಕ್ಷರ ಕಂಡವು.

“ಅವತ್ತು ನೀವು ಅವಸರದಲ್ಲಿ ಮುಖ್ಯವಾದ್ದೇ ಬಿಟ್ಬಿಟ್ರಿ ಸಾರ್,” ಎಂದರು ಸನಾವುಲ್ಲಾ. “ಹೆಸರಿಲ್ದೆ ಡಬ್ಬಿ ಯಾರ್ದು ಅಂತ ಹೇಗೆ ಗೊತ್ತಾಗ್ಬೇಕು? ಮೆಷಿನ್ ಮನೇಲೇ ಇತ್ತು, ನಾನೇ ಹಾಕ್ದೆ.”

ಬೆಂಕಿಗೂ ನೀರಿಗೂ ಅಳಿಯದ ಸ್ಟೀಲಿನ ಮೇಲೆ, ನನ್ನ ಗುರುತಿನ ಕೆಳಗೆ, ಒಡೆಯರ ಹೆಸರು ಶಾಶ್ವತವಾಗಿ ಕೂತಿತ್ತು: ಜಯಮಾಲಾ.