ಒಂದು ರಿಂಗಿನ ಊಟ

"ಮದ್ದೂರಿನಲ್ಲಿ ಇನ್ನು ಮುಂದೆ ಒಂದೇ ಒಂದು ಫೋನ್ ಕರೆಯೂ ಅನಾಥವಾಗಬಾರದು!"

ಹೀಗೆಂದು ಮಧುಕರ ಭೀಷ್ಮಪ್ರತಿಜ್ಞೆ ಮಾಡಿದ್ದು ಮಂಡ್ಯದ ತನ್ನ ಮನೆಯ ಅಡುಗೆಮನೆ ಬಾಗಿಲಲ್ಲಿ, ಬನಿಯನ್ನಿನಲ್ಲಿ, ಖಾಲಿ ಕಾಫಿ ಲೋಟ ಎತ್ತಿ ಹಿಡಿದು.

"ಮೊದಲು ಆ ಲೋಟಕ್ಕೊಂದು ಗತಿ ಕಾಣಿಸಿ," ಎಂದಳು ಹೆಂಡತಿ ಪ್ರಿಯಂವದಾ.

ಪಾಪ, ಅವಳಿಗೇನು ಗೊತ್ತು ಗಂಡನ ಮಹಿಮೆ! ಮಧುಕರನ ಕೆಲಸ ಇಂಟರ್‌ನೆಟ್ಟಿನ ಮೇಲೆ ಫೋನ್ ಓಡಿಸುವ ಒಂದು ಸಣ್ಣ ಕಂಪನಿಯಲ್ಲಿ. ಗಿರಾಕಿಗಳ ಹಳೇ ಟೇಬಲ್ ಫೋನುಗಳನ್ನು ಬಿಸಾಡದೆ, ಪಕ್ಕದಲ್ಲಿ ಅಂಗೈಯಗಲದ ಡಬ್ಬಿಯೊಂದನ್ನು ಇಟ್ಟು, ಅವಕ್ಕೆ ಮತ್ತೆ ಜೀವ ತುಂಬುವುದು ಅವನ ಕಸುಬು. ಡಬ್ಬಿಯ ಹಸಿರು ದೀಪ ಮಿಣುಕಿತೋ, ಮಧುಕರನ ಕಣ್ಣು ಅರ್ಧ ಮುಚ್ಚಿತೆಂದೇ ಲೆಕ್ಕ. ಕನಸು ಶುರು! ಮುತ್ತತ್ತಿಯ ಹೊಳೆದಂಡೆಯಿಂದ ಮಂಡ್ಯದ ಸಕ್ಕರೆ ಕಾರ್ಖಾನೆಯವರೆಗೆ ಧೂಳು ಹಿಡಿದ ಫೋನುಗಳೆಲ್ಲ ಒಂದೊಂದಾಗಿ ಕಣ್ಣು ಬಿಟ್ಟಂತೆ, ತಾನು ಮೋಡದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಎಲ್ಲಕ್ಕೂ "ಹಲೋ, ಹಲೋ" ಎನ್ನುತ್ತಿರುವಂತೆ.

ಈ ಸಲ ಮೋಡದಿಂದ ಅವನು ಇಳಿದದ್ದು ಮದ್ದೂರಿನ ಲಿಂಗಯ್ಯನ ಎಳನೀರು ಮಂಡಿಗೆ. ಲಿಂಗಯ್ಯನ ಹತ್ತಿರ ಮೊಬೈಲಿಲ್ಲ. ಇತ್ತು; ಲೋಡು ಮಾಡಿಸುವಾಗ ಜೇಬಿನಿಂದ ಜಾರಿ ಎಳನೀರಿನ ರಾಶಿಯೊಳಗೆ ಬಿದ್ದು, ಲಾರಿ ಹತ್ತಿ ದೆಹಲಿಗೆ ಹೋಯಿತು. ಅಂದಿನಿಂದ ಮೇಜಿನ ಮೇಲಿನ ಕೆಂಪು ಫೋನೇ ಗತಿ. ರಸ್ತೆ ಅಗೆಯುವವರು ಅದರ ವಯರನ್ನೂ ಕತ್ತರಿಸಿದ ಮೇಲೆ ಮಧುಕರನಿಗೆ ಬುಲಾವು ಬಂದಿತ್ತು.

"ಇಂಜಿನೇರ್ರೇ, ನಂಗೆ ಜಾಸ್ತಿ ಏನೂ ಬ್ಯಾಡ. ಮೊದ್ಲಂಗೆ ರಿಂಗ್ ಆಗ್ಬೇಕು, ಅಷ್ಟೇಯ," ಎಂದ ಲಿಂಗಯ್ಯ.

ಬರೀ ರಿಂಗಾ? ಮಧುಕರನ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. "ರಿಂಗ್ ಆಗೋಕೆ ಮುಂಚೆಯೇ ಎತ್ತಿ ಮಾತಾಡೋ ಹಾಗೆ ಮಾಡ್ತೀನಿ ನೋಡ್ತಿರಿ!" ಎಂದ. ಲಿಂಗಯ್ಯ ಇನ್ನೂ ಏನೋ ಹೇಳುತ್ತಿದ್ದ. ಹಸಿರು ದೀಪ ಮಿಣುಕುತ್ತಿತ್ತು. ಮಧುಕರ ಆಗಲೇ ಮೋಡ ಹತ್ತಿಯಾಗಿತ್ತು.

ಯಂತ್ರ ಮಾತಾಡಬೇಕಾದರೆ ಒಂದು ದನಿ ಬೇಕಲ್ಲ? ಅಂದು ಸಂಜೆ ಒಲೆಯ ಮುಂದೆ ನಿಂತಿದ್ದ ಪ್ರಿಯಂವದಾಳ ಬಾಯಿಗೆ ಮಧುಕರ ಮೊಬೈಲು ಹಿಡಿದ.

"ರೀ, ಬೇಳೆ ಬೇಯ್ತಿದೆ, ಇಳಿಸ್ಕೊಳ್ಳೋಕಾದ್ರೂ ಬಿಡ್ರೀ."

"ಎರಡೇ ಮಾತು ಕಣೇ. ಸ್ವಲ್ಪ ಪ್ರೀತಿಯಿಂದ ಹೇಳು."

ಬೇಗ ತೊಲಗಲಿ ಎಂದು ಅವಳು ಪ್ರೀತಿಯಿಂದಲೇ ಹೇಳಿದಳು: "ನಮಸ್ಕಾರ. ಲಿಂಗಯ್ಯನವರಿಗೆ ಈಗ ಬಿಡುವಿಲ್ಲ. ನಾನಿದ್ದೇನೆ, ಚಿಂತೆ ಬೇಡ. ಸ್ವಲ್ಪ ಕಾಯಿರಿ." ಮಾತು ಮುಗಿಯುವುದಕ್ಕೂ ಹಿಂದಿನಿಂದ ಕುಕ್ಕರು ಉದ್ದಕ್ಕೊಂದು ಸೀಟಿ ಹೊಡೆಯುವುದಕ್ಕೂ ಸರಿಹೋಯಿತು. ಮಧುಕರನಿಗೆ ಅದು ಮಂಗಳವಾದ್ಯದ ಹಾಗೆ ಕೇಳಿಸಿತು. ಹಾಗೆಯೇ ಮಂಡಿಯ ಫೋನಿಗೆ ಏರಿಸಿಬಿಟ್ಟ!

ಮೂರು ದಿನ ವ್ಯವಸ್ಥೆ ಹೂವಿನ ಹಾಗೆ ನಡೆಯಿತು. ವ್ಯಾಪಾರಿಗಳು ಫೋನ್ ಮಾಡಿದರೆ ಪ್ರಿಯಂವದಾ ಮಾತಾಡುತ್ತಿದ್ದಳು, ಆಮೇಲೆ ಮಂಡಿಯ ಫೋನು ಬಡಿದುಕೊಳ್ಳುತ್ತಿತ್ತು. ಮಧುಕರ ಕಚೇರಿಯ ಕುರ್ಚಿಯಲ್ಲಿ ಒರಗಿ, ಸನ್ಮಾನಕ್ಕೆ ಮೈಸೂರು ಪೇಟ ಒಳ್ಳೆಯದೋ ಬರೀ ಶಾಲು ಸಾಕೋ ಎಂದು ಕಣ್ಣುಮುಚ್ಚಿ ಯೋಚಿಸುತ್ತಿದ್ದ.

ನಾಲ್ಕನೆಯ ದಿನ ಲಿಂಗಯ್ಯನ ಫೋನು.

"ಇಂಜಿನೇರ್ರೇ! ಏನ್ ಮಾಡಿಟ್ರಿ ಮಾರಾಯ್ರೆ? ನನ್ನೆಡ್ತಿ ಮಳವಳ್ಳಿಗೆ ಓಗ್ಬುಟ್ಲು! ತವರ್ಮನೇಲಿ ಕುಂತವ್ಳೆ!"

"ಅದಕ್ಕೂ ಫೋನಿಗೂ ಏನು ಸಂಬಂಧ, ಲಿಂಗಯ್ಯನವರೇ?"

ಸಂಬಂಧ ಇತ್ತು. ಮಂಡಿ ಮದ್ದೂರಿನಲ್ಲಿ, ಲಿಂಗಯ್ಯನ ಮನೆ ಪಕ್ಕದ ಶಿವಪುರದಲ್ಲಿ. ಇಪ್ಪತ್ತೆರಡು ವರ್ಷದಿಂದ ಅವನ ಹೆಂಡತಿ ಮುದ್ದಮ್ಮ ಮಧ್ಯಾಹ್ನ ಒಂದು ಗಂಟೆಗೆ ಮುದ್ದೆ ಕೋಲು ಕೆಳಗಿಟ್ಟು ಮಂಡಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಒಂದೇ ರಿಂಗು. ಯಾರೂ ಎತ್ತಬಾರದು. ರಿಂಗು ನಿಂತ ತಕ್ಷಣ ಲಿಂಗಯ್ಯ ಮೊಪೆಡ್ ಹತ್ತುತ್ತಾನೆ; ಅವನು ಕಾಲು ತೊಳೆದು ಕೂರುವ ಹೊತ್ತಿಗೆ ಹಬೆಯಾಡುವ ಮುದ್ದೆ ತಟ್ಟೆಯಲ್ಲಿ. ಗಂಡಹೆಂಡಿರ ನಡುವೆ ಎಷ್ಟೇ ಜಗಳವಾಗಲಿ, ಆ ಒಂದು ರಿಂಗು ಮಾತ್ರ ತಪ್ಪಿದ್ದಿಲ್ಲ.

ಈಗ ರಿಂಗು ಆಗುವ ಮೊದಲೇ ಯಂತ್ರ ಎತ್ತಿಕೊಳ್ಳುತ್ತಿತ್ತಲ್ಲ! ಮೊದಲ ದಿನ ಮುದ್ದಮ್ಮ ಹೆಣ್ಣುದನಿ ಕೇಳಿ ಗಾಬರಿಯಾಗಿ ಇಟ್ಟಳು. ಎರಡನೆಯ ದಿನ ಪೂರ್ತಿ ಕೇಳಿ, ಮಂಡಿಯ ಫೋನು ಬಡಿಯುವ ಮೊದಲೇ ಕುಕ್ಕಿದಳು. ಯಾವಳೋ ಒಬ್ಬಳು 'ನಾನಿದ್ದೇನೆ' ಅನ್ನುತ್ತಾಳೆ, ಹಿಂದೆ ಕುಕ್ಕರು ಕೂಗುತ್ತದೆ! ಇತ್ತ ರಿಂಗೇ ಕೇಳದ ಲಿಂಗಯ್ಯ, ಇನ್ನೂ ಅಡುಗೆ ಆಗಿಲ್ಲವೆಂದು ಕಾದು ಕಾದು, ಹಸಿವು ತಡೆಯದೆ ಹೋಟೆಲಿನಲ್ಲಿ ಎರಡು ವಡೆ ತಿಂದು, ಸಂಜೆ ಮನೆಗೆ ಹೋಗಿ "ಊಟ ಬ್ಯಾಡ ಕಣಮ್ಮಿ, ಒಟ್ಟೆ ತುಂಬೈತೆ" ಎಂದ. ಮೂರು ದಿನವೂ ಅಂದ! ಇನ್ನೇನು ಸಾಕ್ಷಿ ಬೇಕು? ಇಪ್ಪತ್ತೆರಡು ವರ್ಷದ ಸಂಸಾರ ಒಂದು ಬ್ಯಾಗಿನಲ್ಲಿ ತುಂಬಿಕೊಂಡು ಮಳವಳ್ಳಿ ಬಸ್ಸು ಹತ್ತಿತು.

"ಅವ್ಳು ಬರ್ನಿಲ್ಲ ಅಂದ್ರೆ ಈ ಮನೆ ಮಠ ಕಟ್ಕಂಡು ನಾನೇನ್ ಮಾಡ್ಲಿ, ಸಾ?" ಎಂದಾಗ ಲಿಂಗಯ್ಯನ ದನಿ ಒಡೆಯಿತು. ಮಧುಕರ ಮೋಡದಿಂದ ಧೊಪ್ಪನೆ ಬಿದ್ದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನೇ ಮಾಡಿದ್ದ!

"ನಿಮ್ಮ ಹುಚ್ಚಿಗೆ ನಾನು ಯಾರದೋ ಸವತಿಯೂ ಆಗಬೇಕಾಯ್ತಲ್ರೀ!" ಎಂದು ಪ್ರಿಯಂವದಾ ಕೂಗಾಡಿದಳು. ಆದರೂ ಸೀರೆ ಬದಲಿಸಿ ಮಳವಳ್ಳಿಗೆ ಹೊರಟಳು. ಬಸ್ಸಿನುದ್ದಕ್ಕೂ ಗಂಡನ ಕಡೆ ತಿರುಗಲಿಲ್ಲ. ಕಿಟಕಿಯಾಚೆ ಕಬ್ಬಿನ ಗದ್ದೆಗಳು ಬಿಸಿಲಿನಲ್ಲಿ ತೂಗುತ್ತಿದ್ದವು. ಕಬ್ಬಿನ ತುದಿಯ ಸೂಲಂಗಿ ಹೂಗಳೆಲ್ಲ ತನ್ನನ್ನು ನೋಡಿ 'ಬೇಡಪ್ಪಾ ಬೇಡ' ಎಂದು ತಲೆಯಾಡಿಸುತ್ತಿವೆ ಎನಿಸಿತು ಮಧುಕರನಿಗೆ.

ಮಳವಳ್ಳಿಯಲ್ಲಿ ಮುದ್ದಮ್ಮ ಜಗುಲಿಯ ಮೇಲೆ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಲಿಂಗಯ್ಯ ಆಗಲೇ ಬಂದು ತೆಂಗಿನ ಮರಕ್ಕೆ ಒರಗಿ, ಹೆದರಿದ ಹೊಸ ಅಳಿಯನಂತೆ ನಿಂತಿದ್ದ. ಮಧುಕರ ಡಬ್ಬಿ, ಇಂಟರ್‌ನೆಟ್ಟು, ಯಂತ್ರ ಎಂದು ಕಾಲು ಗಂಟೆ ವಿವರಿಸಿದ. ಮುದ್ದಮ್ಮ ಒಂದೂವರೆ ಸೇರು ಕಾಳು ಬಿಡಿಸಿದಳು.

"ಮಿಸಿನ್ನಂತೆ ಮಿಸಿನ್ನು! ಮಿಸಿನ್ನು ಕುಕ್ಕರಿಟ್ಟು ಅಡ್ಗೆ ಮಾಡ್ತದಾ ಸಾಮಿ?"

"ನೀನು ಹೇಳೇ," ಎಂದು ಮಧುಕರ ಹೆಂಡತಿಯನ್ನು ಮುಂದೆ ತಳ್ಳಿದ. ಪ್ರಿಯಂವದಾ ಗಂಟಲು ಸರಿಮಾಡಿಕೊಂಡು ಅಂದಳು: "ನಮಸ್ಕಾರ. ಲಿಂಗಯ್ಯನವರಿಗೆ ಈಗ ಬಿಡುವಿಲ್ಲ. ನಾನಿದ್ದೇನೆ..."

ಮೊರ ಹಾರಿತು! "ಇವ್ಳೇ! ಇವ್ಳೇ ಕಣ್ರಪ್ಪೋ! ಮನೆ ಬಾಗ್ಲಿಗೇ ಕರ್ಕಬಂದವ್ನೆ!"

ಅಕ್ಕಪಕ್ಕದ ಮನೆಗಳ ಬಾಗಿಲು ತೆರೆದವು. ಲಿಂಗಯ್ಯ ಮರದ ಹಿಂದಕ್ಕೆ ಸರಿದ. ಪ್ರಿಯಂವದಾ ಮಾತ್ರ ಜಗುಲಿ ಹತ್ತಿ, ಚೆಲ್ಲಿದ ಕಾಳು ಬಾಚುತ್ತ ಮುದ್ದಮ್ಮನ ಪಕ್ಕ ಕೂತೇಬಿಟ್ಟಳು.

"ಅದು ನಮ್ಮನೆ ಕುಕ್ಕರು ಕಣ್ರೀ. ಒಲೆ ಆರಿಸೋಕೂ ಬಿಡದೆ ಬಾಯಿಗೆ ಫೋನ್ ಹಿಡಿದ್ರು ಈ ಮಹಾರಾಯರು. ಅವತ್ತು ಬೇಳೆ ಕರಕಲಾಗಿ ಬರೀ ಮಜ್ಜಿಗೆ ಅನ್ನ ತಿಂದೆವು."

ಮುದ್ದಮ್ಮ ಅವಳ ಮುಖ ನೋಡಿದಳು. ಆಮೇಲೆ ಮಧುಕರನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಒಲೆ ಮುಂದೆ ನಿಂತಿರೋಳ್ ಕೈಲಿ ಈ ಕೆಲ್ಸ ಮಾಡ್ಸುದ್ನಾ? ಇಂತಾ ಗಂಡುನ್ನೂ ತಡ್ಕಂಡಿದ್ದೀಯಲ್ಲವ್ವ!" ಎಂದು ನಕ್ಕವಳು ನಗುನಗುತ್ತಲೇ ಅತ್ತುಬಿಟ್ಟಳು. "ಮೂರ್ ದಿನ ತಟ್ಟೆ ಮುಂದೆ ಕುಂತಿದ್ದೆ ಕಣವ್ವ. ಒಂದ್ ತುತ್ತೂ ಇಳೀನಿಲ್ಲ." ಮರದ ಹಿಂದೆ ಲಿಂಗಯ್ಯ ಟವಲಿನಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಸಂಧಾನವಾಯಿತು; ಮುದ್ದಮ್ಮ ಶಿವಪುರಕ್ಕೆ ಹೊರಟಳು. ಷರತ್ತು ಒಂದೇ: ನಾಳೆ ಒಂದು ಗಂಟೆಗೆ ಮಂಡಿಯ ಫೋನು ಮೊದಲಿನಂತೆ ಒಂದು ಸಲ ಬಡಿದು ಸುಮ್ಮನಾಗಬೇಕು, ಗಂಡ ಬರಬೇಕು. ಇಲ್ಲವಾದರೆ ಮರುದಿನ ಮತ್ತೆ ಮಳವಳ್ಳಿ ಬಸ್ಸು!

ಮರುದಿನ ಬೆಳಗ್ಗೆಯೇ ಮಧುಕರ ಮದ್ದೂರಿಗೆ ಹೋಗಿ ಹೆಂಡತಿಯ ದನಿ ಅಳಿಸಿದ. ಡಬ್ಬಿಗೆ ಬುದ್ಧಿ ಹೇಳಿದ. ಹತ್ತು ಸಲ ಪರೀಕ್ಷೆ ಮಾಡಿದ. ಹತ್ತು ಸಲವೂ ಕೆಂಪು ಫೋನು ಹಳೇ ಕಾಲದ ಗಂಟೆಯಂತೆ ಬಡಿಯಿತು. ಇಷ್ಟಾದ ಮೇಲೂ ಜೀವ ತಡೆಯದೆ ಫೋನಿನ ಪಕ್ಕವೇ ಕೂತ.

ಒಂದು ಗಂಟೆಗೆ ಇನ್ನು ಐದು ನಿಮಿಷ. ಬಿಸಿಲು ತಗಡಿನ ಸಂದಿನಿಂದ ಇಳಿದು ಹಸಿರು ರಾಶಿಯ ಮೇಲೆ ಬಿದ್ದಿತ್ತು. ಲೋಡು ಹಾಕುವವರು ಗೋಣಿಚೀಲದ ಮೇಲೆ ತೂಕಡಿಸುತ್ತಿದ್ದರು. ಲಿಂಗಯ್ಯ ಒಂದು ಕಾಲನ್ನು ಚಪ್ಪಲಿಯೊಳಗಿಟ್ಟು ಕಾಯುತ್ತಿದ್ದ. ಎಲ್ಲಿಯೂ ಸದ್ದಿಲ್ಲ. ಮಧುಕರನ ಕಣ್ಣು ಮೆಲ್ಲಗೆ ಅರ್ಧ ಮುಚ್ಚಿತು. ಮೋಡ ಬಂತು. ಮೋಡದ ತುಂಬ ಫೋನುಗಳು...

ಟ್ರಿಣ್!

"ಹಲೋ, ನಮಸ್ಕಾರ! ಲಿಂಗಯ್ಯನವರ ಮಂಡಿ! ನಿಮಗೇನು ಸಹಾಯ ಮಾಡಲಿ?"

ಕಣ್ಣು ಬಿಟ್ಟಾಗ ರಿಸೀವರು ಮಧುಕರನ ಕೈಯಲ್ಲೇ ಇತ್ತು. ಗೋಣಿಚೀಲದ ಮೇಲಿನವರು ಎದ್ದು ಕೂತಿದ್ದರು. ಲಿಂಗಯ್ಯನ ಎರಡನೆಯ ಚಪ್ಪಲಿ ಅಲ್ಲೇ ಉಳಿದಿತ್ತು. ಆ ಕಡೆಯಿಂದ ಮುದ್ದಮ್ಮನ ಮಾತು ಬಂತು, ಇಡೀ ಮಂಡಿಗೆ ಕೇಳುವಷ್ಟು ಗಟ್ಟಿಯಾಗಿ.

"ಇಂಜಿನೇರಪ್ಪಾ, ಮಿಸಿನ್ನ ಸುಮ್ಕೆ ಬೈದ್ಬುಟ್ಟೆ ಕಣಪ್ಪ! ಫೋನ್ ಎತ್ತೋ ಚಾಳಿ ನಿಂದೇಯ! ಇನ್ನೊಂದ್ ಕಿತ ಮಾಡ್ತೀನಿ. ಅಷ್ಟ್ರಲ್ಲಿ ನಿನ್ನ ಕೈ ಎಲ್ಲಾದ್ರೂ ಕಟ್ಟಾಕಕ್ಕೆ ಯೋಳು ನನ್ ಗಂಡುಂಗೆ!"

ಲಿಂಗಯ್ಯ ಹಗ್ಗ ಹುಡುಕಲಿಲ್ಲ. ಮಚ್ಚು ತೆಗೆದು ಎರಡು ಎಳನೀರು ಕೆತ್ತಿ, ಬಾಯಿಯವರೆಗೂ ತುಳುಕುವ ಹಾಗೆ ತೂತು ಮಾಡಿ, ಮಧುಕರನ ಎರಡೂ ಕೈಗೆ ಒಂದೊಂದು ಕೊಟ್ಟ.

ಫೋನು ಒಂದೇ ಒಂದು ಸಲ ಬಡಿಯಿತು. ನಿಂತಿತು. ಲಿಂಗಯ್ಯ ಮೊಪೆಡ್ ಒದ್ದು ಹತ್ತಿ, ಹಿಂತಿರುಗಿ ಕೂಗಿದ:

"ನಾನು ಉಂಡ್ಕಂಡು ಬರಾಗಂಟ ಅವೆರಡ್ನೂ ಕೆಳಗೆ ಇಡ್ಬ್ಯಾಡಿ, ಇಂಜಿನೇರ್ರೇ!"